ಒಲೆಗೆ ಯಾವ ಹಲಗೆ?

ಗಡಿ ರಸ್ತೆಯ ಢಾಬಾಗಳಲ್ಲಿ, ಸಂತೆ ಬಯಲಿನಲ್ಲಿ ಈಗ ಸುಟ್ಟ ತಿನಿಸಿಗೆ ಬಲು ಗಿರಾಕಿ. ಮೆಕ್ಕೆಜೋಳದ ತೆನೆಯಾಗಲಿ, ಮೀನು ಕೋಳಿಯಾಗಲಿ, ಕೆಂಡದ ಮೇಲೆ ಬೆಂದದ್ದರ ರುಚಿಯೇ ಬೇರೆ. ಅದಕ್ಕೆ ನನ್ನ ತಕರಾರಿಲ್ಲ. ಆದರೆ ಕೆಲವು ಕಡೆ ಒಲೆಯೊಳಗೆ ಬಗ್ಗಿ ನೋಡಿ: ಪ್ಯಾಕಿಂಗ್ ಪೆಟ್ಟಿಗೆಯ ಹಲಗೆ, ಪ್ಲೈವುಡ್ ಚೂರು, ಬಣ್ಣ ಬಳಿದ ಹಳೇ ಬಾಗಿಲಿನ ತುಂಡು. ಪುಕ್ಕಟೆ ಸಿಗುತ್ತಲ್ಲ!

ಹಲಗೆ ಮೇಲೆ ಸುಡೋದೂ ಒಂದು ವಿದ್ಯೆ. (ತೆಲುಗಿನ ಪಲಕ, ನಮ್ಮ ಹಲಗೆ, ಎರಡೂ ಒಂದೇ.) ಅಮೆರಿಕದಲ್ಲಿ ಸೀಡರ್ ಮರದ ಹಲಗೆಯನ್ನು ಒಂದೆರಡು ಗಂಟೆ ನೀರಲ್ಲಿ ನೆನೆಸಿ, ಅದರ ಮೇಲೆ ಸಾಲ್ಮನ್ ಮೀನಿಟ್ಟು ಬೆಂಕಿಗೆ ಒಡ್ಡುತ್ತಾರೆ. ಅಡಿಭಾಗ ಕರಕಲಾಗಿ ಹೊಗೆಯ ವಾಸನೆ ಹಿಡಿಯುತ್ತೆ, ಒದ್ದೆ ಮರದ ಹಬೆಗೆ ಮೀನು ಒಣಗದೆ ಬೇಯುತ್ತೆ. ಆದರೆ ಔಷಧಿ, ಬಣ್ಣ, ಅಂಟು ತಾಕಿದ ಹಲಗೆಯನ್ನು ಬಲ್ಲವರು ಅಡುಗೆಗೆ ಮುಟ್ಟೋದಿಲ್ಲ.

ಕಾರಣ ಇದೆ. ಗೆದ್ದಲು ಹಿಡಿಯದಂತೆ ಔಷಧಿ ಕುಡಿಸಿದ ಮರದಲ್ಲಿ ಆರ್ಸೆನಿಕ್ ಇರಬಹುದು. ಸುಟ್ಟರೂ ಅದು ಹೋಗದು, ಹೊಗೆಯಲ್ಲೂ ಬೂದಿಯಲ್ಲೂ ಉಳಿಯುತ್ತೆ. ಆ ಬೂದಿಯನ್ನೇ ತಿಪ್ಪೆಗೆ ಸುರಿದು ಹೊಲಕ್ಕೆ ಹೊಡೀತೀವಿ! ಪ್ಲೈವುಡ್ಡಿನ ಅಂಟಿನಲ್ಲಿ ಫಾರ್ಮಾಲ್ಡಿಹೈಡ್. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸಕ್ಕೆ ಕಡಿವಾಣ ಬಿದ್ದದ್ದೇ 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಬಾಗಿಲುಗಳ ಗತಿ ನೀವೇ ಯೋಚಿಸಿ. ವರ್ತಕ ಬಂಧುಗಳು ಇನ್ನೊಂದು ಗಮನಿಸಬೇಕು. ಪರದೇಶದ ಸರಕು ಹೊತ್ತು ಬರುವ ಮರದ ಪ್ಯಾಲೆಟ್ಟಿನ ಮೇಲೆ ತೆನೆಯ ಗುರುತಿನ ಮುದ್ರೆ ಇರುತ್ತೆ. ಅದರಲ್ಲಿ ‘ಎಚ್‌ಟಿ’ ಅಂದರೆ ಬಿಸಿಯಿಂದ ಹುಳ ಕೊಂದದ್ದು, ‘ಎಂಬಿ’ ಅಂದರೆ ಮೀಥೈಲ್ ಬ್ರೋಮೈಡ್ ವಿಷದ ಅನಿಲ ಹಾಯಿಸಿದ್ದು. ಎಂಬಿ ಹಲಗೆ ಒಲೆ ಸೇರಲೇಬಾರದು.

ಕಣಗಿಲೆ ಕಡ್ಡಿ, ಕಳ್ಳಿ ಕೊರಡು ಒಲೆಗೆ ಹಾಕಬೇಡಿ ಅಂತ ನಮ್ಮ ಹಿರಿಯರು ಬೈಯುತ್ತಿದ್ದರು. ಯಾವ ಪುಸ್ತಕವನ್ನೂ ಓದಿದವರಲ್ಲ.

ಹಾಗಾದರೆ ಏನು ಉರಿಸೋಣ? ರಾಯದುರ್ಗ, ಮಡಕಶಿರಾ, ಆದೋನಿ, ಯಾವ ದಿಕ್ಕಿಗೆ ಹೋದರೂ ಕೆರೆಯಂಗಳ ತುಂಬ ಬಳ್ಳಾರಿ ಜಾಲಿ. ತೆಲುಗಿನಲ್ಲಿ ಸರ್ಕಾರ್ ತುಮ್ಮ. ಮುಳ್ಳು ಚುಚ್ಚಿದಾಗಲೆಲ್ಲ ಶಪಿಸುತ್ತೇವೆ, ಹೊಲಕ್ಕೆ ನುಗ್ಗಿದರೆ ಕೇಡು, ಅದೂ ನಿಜ. ಆದರೆ ಇದರ ದಾಯಾದಿ ಮರ ಮೆಸ್ಕೀಟು. ಅಮೆರಿಕದ ಟೆಕ್ಸಾಸ್ ಕಡೆ ಮಾಂಸ ಸುಡೋದಕ್ಕೆ ಅಂತಲೇ ಅದನ್ನು ದುಡ್ಡು ಕೊಟ್ಟು ಕೊಳ್ಳುತ್ತಾರೆ! ನಮ್ಮ ಜಾಲಿಯೂ ಗಟ್ಟಿ ಸೌದೆ. ಕೆಂಡ ಬಹಳ ಹೊತ್ತು ನಿಲ್ಲುತ್ತೆ. ಬುಡ ಕೀಳದಿದ್ದರೆ ಕಡಿದಷ್ಟೂ ಚಿಗುರುತ್ತೆ.

ಇದ್ದಿಲು ಸುಡುವವರು ಜಾಲಿಯನ್ನು ಆಗಲೇ ಮೂಟೆ ಕಟ್ಟಿ ಪಟ್ಟಣಕ್ಕೆ ಸಾಗಿಸುತ್ತಿದ್ದಾರೆ. ಪಕ್ಕದ ಢಾಬಾಕ್ಕೆ ಮಾತ್ರ ಪೆಟ್ಟಿಗೆ ಹಲಗೆ! ಸೌದೆ ಮಂಡಿಯವರು ಜಾಲಿಯನ್ನು ಗೇಣುದ್ದ ಕೊಯ್ದು, ಚೆನ್ನಾಗಿ ಒಣಗಿಸಿ, ‘ಅಡುಗೆ ಸೌದೆ’ ಅಂತ ಬೇರೆ ಕಂತೆ ಕಟ್ಟಿ ಮಾರಲಿ. ಕೆರೆಯಂಗಳದ್ದಾದರೆ ಪಂಚಾಯಿತಿಯನ್ನು ಕೇಳಿಯೇ ಕಡಿಯಬೇಕು, ಅದರಿಂದ ಪಂಚಾಯಿತಿಗೂ ನಾಲ್ಕು ಕಾಸು ಬಂದೀತು. ಉಣ್ಣಲು ಕೂತ ನಾವೂ, ಎರಡು ಪ್ಲೇಟ್ ಹೇಳುವ ಮೊದಲು, ಒಲೆಗೆ ಏನು ಹಾಕಿದ್ದೀಯಪ್ಪಾ ಅಂತ ಒಂದು ಮಾತು ಕೇಳೋಣ.