ಸುಂಕದಕಟ್ಟೆಯಲ್ಲಿ ತೋಕೆಗೋಧಿ

ರಾಜಾಜಿನಗರವನ್ನು ಹಿಂದೆ ಬಿಟ್ಟು ಮಾಗಡಿ ರಸ್ತೆಯಲ್ಲಿ ಪಶ್ಚಿಮಕ್ಕೆ ಸಾಗಿದರೆ ಸುಂಕದಕಟ್ಟೆ ಸಿಗುತ್ತದೆ. ಇಂದು ಅಲ್ಲಿ ಸುಂಕ ಎತ್ತುವವರಿಲ್ಲ. ಬಸ್ಸುಗಳ ಗದ್ದಲ ಮಾತ್ರ ಉಂಟು. ಹಿಂದಿನ ಕಾಲದ ಸುಂಕದವನಿಗೆ ಎತ್ತಿನ ಗಾಡಿಯ ಮೂಟೆಯಲ್ಲಿ ಇರುವುದು ರಾಗಿಯೋ ಹುರುಳಿಯೋ ಎಂದು ತಿಳಿಯಲು ಒಂದು ಹಿಡಿ ತೆಗೆದು ನೋಡಿದರೆ ಸಾಕಾಗುತ್ತಿತ್ತು. ಹಡಗಿನಲ್ಲಿ ಬಂದಿಳಿಯುವ ತೋಕೆಗೋಧಿಯ ವಿಷಯ ಅಷ್ಟು ಸುಲಭವಲ್ಲ.

ತೋಕೆಗೋಧಿ ಎಂದರೆ ಹಲವರಿಗೆ ಗುರುತು ಹತ್ತಲಾರದು. ಓಟ್ಸ್ ಎಂದರೆ ಮಕ್ಕಳೂ ಬಲ್ಲರು. ವಿಜಯನಗರ, ಬಸವೇಶ್ವರನಗರಗಳ ಎಷ್ಟೋ ಮನೆಗಳಲ್ಲಿ ವೈದ್ಯರ ಸಲಹೆಯಂತೆ ಉಪ್ಪಿಟ್ಟಿನ ರವೆಯ ಜಾಗವನ್ನು ಅದು ಆಕ್ರಮಿಸಿದೆ. ಭಾರತಕ್ಕೆ ಹೊರಗಿನಿಂದ ಬರುವ ಓಟ್ಸಿನಲ್ಲಿ ಬಹುಪಾಲು ಆಸ್ಟ್ರೇಲಿಯದ್ದು. ಅದು ಬಂದರಿಗೆ ಮುಟ್ಟಿದೊಡನೆ ಏಳುವ ಮೊದಲ ಪ್ರಶ್ನೆ ಬೆಲೆಯದಲ್ಲ, ಹೆಸರಿನದು. ‘ಇದು ಏನು?’

ಈ ಪ್ರಶ್ನೆಗೆ ಉತ್ತರವನ್ನು ಅಂಕಿಗಳಲ್ಲಿ ಕೊಡಬೇಕು. ಬ್ರಸೆಲ್ಸಿನಲ್ಲಿರುವ ವಿಶ್ವ ಸುಂಕ ಸಂಸ್ಥೆಯ ಸರಕು ವರ್ಗೀಕರಣ ಪದ್ಧತಿ 1988ರ ಜನವರಿ 1ರಿಂದ ಜಾರಿಯಲ್ಲಿದೆ. ಭಾರತ ತನ್ನ 1975ರ ಸುಂಕದರ ಕಾಯಿದೆಯನ್ನು ಅದಕ್ಕೆ ಹೊಂದಿಸಿಕೊಂಡದ್ದು ಇನ್ನೂ ಮುಂಚೆ, 1986ರಲ್ಲಿ. ಮೊದಲ ಆರು ಅಂಕಿಗಳು ಪದ್ಧತಿಯನ್ನು ಒಪ್ಪಿದ ದೇಶಗಳಿಗೆಲ್ಲ ಒಂದೇ. ಭಾರತ ಇನ್ನೆರಡನ್ನು ಸೇರಿಸಿ ಎಂಟು ಮಾಡಿಕೊಂಡಿದೆ. ಹತ್ತನೆಯ ಅಧ್ಯಾಯ ಧಾನ್ಯಗಳದು. ಗೋಧಿಗೆ 1001, ಓಟ್ಸಿಗೆ 1004, ಅಕ್ಕಿಗೆ 1006, ಜೋಳಕ್ಕೆ 1007. ನಮ್ಮ ರಾಗಿ 1008ರಲ್ಲಿ ಇತರ ಕಿರುಧಾನ್ಯಗಳೊಡನೆ ಕುಳಿತಿದೆ.

ಹಾಗಾದರೆ ಓಟ್ಸಿಗೆ 1004 ಎಂದು ಬರೆದು ಮುಗಿಸಬಹುದಲ್ಲ ಎನ್ನಬೇಡಿ. ಅದೇ ಅಧ್ಯಾಯದ ಟಿಪ್ಪಣಿಯೊಂದು, ಸಿಪ್ಪೆ ಬಿಡಿಸಿದ ಅಥವಾ ಬೇರೆ ರೀತಿಯಲ್ಲಿ ಸಂಸ್ಕರಿಸಿದ ಕಾಳು ಇಲ್ಲಿಗೆ ಸೇರದು ಎನ್ನುತ್ತದೆ. ಕುದುರೆಯ ಮೇವಿಗೆಂದು ಸಿಪ್ಪೆಸಹಿತ ಬಂದ ಓಟ್ಸ್ 1004. ಸಿಪ್ಪೆ ಕಳಚಿದೊಡನೆ ಅದು ಹನ್ನೊಂದನೆಯ ಅಧ್ಯಾಯಕ್ಕೆ ದಾಟುತ್ತದೆ. ಅಕ್ಕಿಗೆ ವಿನಾಯಿತಿ ಉಂಟು. ಭತ್ತ, ಕುಸುಬಲಕ್ಕಿ, ಪಾಲಿಶ್ ಮಾಡಿದ ಅಕ್ಕಿ, ನುಚ್ಚಕ್ಕಿ, ಎಲ್ಲವೂ 1006ರಲ್ಲೇ ಉಳಿಯುತ್ತವೆ. ಓಟ್ಸಿಗೆ ಈ ಭಾಗ್ಯವಿಲ್ಲ.

ಅಂಗಡಿಯಲ್ಲಿ ನಾವು ಕೊಳ್ಳುವುದು ಕಾಳನ್ನಲ್ಲ, ಒತ್ತಿ ಚಪ್ಪಟೆ ಮಾಡಿದ ಎಸಳನ್ನು. ಅದಕ್ಕೆ 1104.12. ಒತ್ತುವ ಮುನ್ನ ಕಾಳಿಗೆ ಹಬೆ ಕೊಡುವುದು ವಾಡಿಕೆ. ಅಷ್ಟು ಮಾತ್ರದಿಂದ ಅದು ಬೇಯಿಸಿದ ತಿಂಡಿ ಎನಿಸಿಕೊಳ್ಳದು. ಹಿಟ್ಟಾದರೆ 1102, ನುಚ್ಚಾದರೆ 1103. ಇಲ್ಲೊಂದು ಪ್ರಯೋಗಶಾಲೆಯ ಪರೀಕ್ಷೆಯೂ ಇದೆ. ಬೀಸಿ ಬಂದ ಓಟ್ಸಿನಲ್ಲಿ ಪಿಷ್ಟ ನೂರಕ್ಕೆ 45ನ್ನು ಮೀರಿರಬೇಕು, ಸುಟ್ಟಾಗ ಉಳಿಯುವ ಬೂದಿ 5ನ್ನು ಮೀರಬಾರದು. ತಪ್ಪಿದರೆ ಅದು ತೌಡು. ಇಪ್ಪತ್ತಮೂರನೆಯ ಅಧ್ಯಾಯದ ಪಶು ಆಹಾರದ ನೆರೆಗೆ ಇಳಿಯುತ್ತದೆ. ಪೊಟ್ಟಣದ ಮೇಲೆ ಏನೇ ಅಚ್ಚಾಗಿರಲಿ, ಬೂದಿ ಸುಳ್ಳು ಹೇಳುವುದಿಲ್ಲ.

ತಂಟೆ ಹುಟ್ಟುವುದು ಹತ್ತೊಂಬತ್ತನೆಯ ಅಧ್ಯಾಯದಲ್ಲಿ. ಹುರಿದು ಅಥವಾ ಅರಳಿಸಿ ಮಾಡಿದ ತಿಂಡಿಗಳು, ಎಸಳುಗಳಿಂದ ತಯಾರಿಸಿದ ಆಹಾರಗಳು 1904ಕ್ಕೆ ಸೇರುತ್ತವೆ. ಉಪ್ಪು, ಮಸಾಲೆ, ಒಣ ತರಕಾರಿ ಬೆರೆಸಿದ ಓಟ್ಸ್ ಆ ಕಡೆಗೆ ವಾಲುತ್ತದೆ. ಎಲ್ಲಿಯವರೆಗೆ ಎಸಳು, ಎಲ್ಲಿಂದ ತಿಂಡಿ?

ಕೆಂಗೇರಿಯ ಒಬ್ಬ ಸಣ್ಣ ವ್ಯಾಪಾರಿಯನ್ನು ಊಹಿಸಿಕೊಳ್ಳಿ. 2017ರ ಜುಲೈಯಲ್ಲಿ ಜಿಎಸ್‌ಟಿ ಬಂದಾಗ ಒತ್ತಿದ ಎಸಳಿಗೆ ನೂರಕ್ಕೆ 5 ತೆರಿಗೆಯಾದರೆ 1904ರ ತಿಂಡಿಗೆ 18. ಆಮದಿನ ಸರಕಿಗೆ ಸುಂಕದ ಜೊತೆಗೆ ಇದೂ ಸೇರುತ್ತದೆ. 2011ರಿಂದ ಸುಂಕದ ಲೆಕ್ಕವನ್ನು ಮೊದಲು ಆಮದುದಾರನೇ ಹಾಕಿಕೊಡಬೇಕು. ಆತ 5ರ ಲೆಕ್ಕದಲ್ಲಿ ಕಟ್ಟಿದ, ಪೊಟ್ಟಣಗಳನ್ನು ಮಾರಿದ. ವರ್ಗ ತಪ್ಪೆಂದು ಕಂಡರೆ ಇಲಾಖೆ 2 ವರ್ಷಗಳೊಳಗೆ ನೋಟೀಸು ಕೊಡಬಹುದು. ವಿಷಯ ಮುಚ್ಚಿಟ್ಟನೆಂಬ ಆರೋಪವಾದರೆ 5 ವರ್ಷ. ಉಳಿದ 13ನ್ನು, ಮೇಲೆ ಬಡ್ಡಿಯನ್ನು, ಎಂದೋ ತಿಂದು ಮುಗಿಸಿದ ಗಿರಾಕಿಗಳಿಂದ ಆತ ಹೇಗೆ ವಸೂಲು ಮಾಡಿಯಾನು? ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಏನಾಗುವುದೆಂದು ಗಾದೆ ಕಟ್ಟಿದವರಿಗೆ ಚೆನ್ನಾಗಿ ಗೊತ್ತಿತ್ತು. 2025ರ ಸೆಪ್ಟೆಂಬರ್ 22ರಿಂದ 1904ರ ದರವೂ 5ಕ್ಕೆ ಇಳಿದು ಈ ಅಂತರ ಅಳಿಯಿತು.

ಇದು ಓಟ್ಸ್ ಒಂದರ ಪಾಡಲ್ಲ. 2020ರಲ್ಲಿ ಬೆಂಗಳೂರಿನ ಸಂಸ್ಥೆಯೊಂದು ತನ್ನ ಪರೋಟಾ ಯಾವ ವರ್ಗಕ್ಕೆ ಸೇರಿದ್ದೆಂದು ಕರ್ನಾಟಕದ ಜಿಎಸ್‌ಟಿ ಮುಂಗಡ ತೀರ್ಪು ಪ್ರಾಧಿಕಾರವನ್ನು ಕೇಳಿತು. ಪರೋಟಾ ರೊಟ್ಟಿಯಲ್ಲ, ತಿನ್ನುವ ಮೊದಲು ಇನ್ನೊಮ್ಮೆ ಕಾಯಿಸಬೇಕು, ಆದ್ದರಿಂದ 5 ಅಲ್ಲ 18 ಎಂದಾಯಿತು. ದೇಶವೆಲ್ಲ ನಕ್ಕಿತು. ಆದರೆ ನಕ್ಕವರು ಒಂದನ್ನು ಮರೆತರು: ಸರಕು ಮಾರಿದ ಮೇಲೆ ಪೆಟ್ಟು ತಿನ್ನುವುದಕ್ಕಿಂತ ಮೊದಲೇ ಕೇಳುವುದು ಜಾಣತನ. 2025ರಲ್ಲಿ ಪರೋಟಾಕ್ಕೂ ತೆರಿಗೆ ಹೋಯಿತು.

ಆಮದಿಗೂ ಇಂಥ ದಾರಿ ಇದೆ. 1962ರ ಕಸ್ಟಮ್ಸ್ ಕಾಯಿದೆಯಡಿ ದೆಹಲಿ, ಮುಂಬಯಿಗಳಲ್ಲಿರುವ ಮುಂಗಡ ತೀರ್ಪು ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು. 3 ತಿಂಗಳೊಳಗೆ ಉತ್ತರ ಬರಬೇಕು. ಕಾನೂನಾಗಲಿ ಸಂಗತಿಗಳಾಗಲಿ ಬದಲಾಗದಿದ್ದರೆ ಅದು 3 ವರ್ಷ ಊರ್ಜಿತ. ರಫ್ತು ಮಾಡುವವರೂ ಇದನ್ನೇ ಕೇಳಬಹುದು. ಹೊರದೇಶದ ಕನ್ನಡ ಮನೆಗಳಿಗೆ ರಾಗಿ ಹಿಟ್ಟನ್ನೋ ರಾಗಿ ಎಸಳನ್ನೋ ಕಳುಹಿಸುವಾಗ ಅಲ್ಲಿನ ಸುಂಕದವನು ಓದುವುದೂ ಆ ಆರು ಅಂಕಿಗಳನ್ನೇ.

ಅಂದ ಹಾಗೆ, ನಮ್ಮ ಅವಲಕ್ಕಿ? ಒತ್ತಿದ ಓಟ್ಸಿನ ಖಾಸಾ ತಂಗಿಯಂತೆ ಕಂಡರೂ ಜಿಎಸ್‌ಟಿಯ ಪಟ್ಟಿಯಲ್ಲಿ ಅದು 1104ರಲ್ಲಿಲ್ಲ. ಪುರಿ, ಅರಳುಗಳ ಕೈ ಹಿಡಿದು 1904ರಲ್ಲಿ ಕುಳಿತಿದೆ.