ಊರುಗೋಲನ್ನು ಸಂಜೀವಿನಿಯೆನ್ನಬೇಡಿ

ಮಾನ್ಯ ಸಂಪಾದಕರೆ,

ಕಳೆದ ಮೂರು ಭಾನುವಾರಗಳಿಂದ ತಮ್ಮ ಪತ್ರಿಕೆಯ ಪುರವಣಿಯಲ್ಲಿ, ವಿದ್ಯುತ್ತಿನ ಸ್ಪಂದನದಿಂದ ಸತ್ತ ನರಗಳಿಗೆ ಜೀವ ಬರಿಸಿ ಮಲ್ಟಿಪಲ್ ಸ್ಕ್ಲೆರೋಸಿಸ್ ಮೊದಲಾದ ವ್ಯಾಧಿಗಳನ್ನು ಔಷಧವಿಲ್ಲದೆ ನಿರ್ಮೂಲಗೊಳಿಸುವುದಾಗಿ ಸಾರುವ ಯಂತ್ರವೊಂದರ ಜಾಹೀರಾತನ್ನು ಕಂಡು, ಆ ವ್ಯಾಧಿಯನ್ನು ಹನ್ನೊಂದು ವರ್ಷಗಳಿಂದ ಮನೆಯೊಳಗೇ ನೋಡುತ್ತ ಬಂದಿರುವ ತಂದೆಯಾದ ನಾನು ಈ ನಾಲ್ಕು ಮಾತುಗಳನ್ನು ಬರೆಯದಿರಲಾರದೆ ಹೋದೆ.

ವಿದ್ಯುತ್ತಿನ ಉಪಯುಕ್ತತೆಯನ್ನು ನಾನು ಅಲ್ಲಗಳೆಯುವವನಲ್ಲ. ಈ ರೋಗದಲ್ಲಿ ದೇಹದ ರಕ್ಷಣಾಶಕ್ತಿಯೇ ದಾರಿತಪ್ಪಿ, ಮೆದುಳು ಮತ್ತು ಬೆನ್ನುಹುರಿಯೊಳಗಣ ನರತಂತುಗಳ ಮಯಲಿನ್ ಹೊದಿಕೆಯನ್ನು ಅಲ್ಲಲ್ಲಿ ಕೆಡಿಸುವುದರಿಂದ ಮೆದುಳಿನ ಆಜ್ಞೆ ಕಾಲನ್ನು ಮುಟ್ಟುವಷ್ಟರಲ್ಲಿ ಕುಂಠಿತವಾಗುತ್ತದೆ. ಬೆನ್ನುಹುರಿಯಿಂದ ಹೊರಟು ಸ್ನಾಯುವನ್ನು ಸೇರುವ ನರವಾದರೋ ಬಹುಮಟ್ಟಿಗೆ ಸುಸ್ಥಿತಿಯಲ್ಲಿಯೇ ಇರುತ್ತದೆ. ಆದಕಾರಣ, ಹೆಜ್ಜೆಯೆತ್ತಿದಾಗ ಪಾದ ಜೋತುಬಿದ್ದು ಹೊಸ್ತಿಲನ್ನೆಡವುವ, ಎಡಗಾಲಿನ ಚಪ್ಪಲಿಯ ತುದಿ ಮಾತ್ರ ಎರಡೇ ತಿಂಗಳಲ್ಲಿ ಸವೆದುಹೋಗುವ ನನ್ನ ಮಗಳಂಥವರಿಗೆ, ಮೊಣಕಾಲಿನ ಕೆಳಗೆ ಹೊರಮಗ್ಗುಲಲ್ಲಿ ಎಲುಬನ್ನು ಬಳಸಿ ಸಾಗುವ ನರದ ಮೇಲೆ ಅಂಟುಪಟ್ಟಿಗಳನ್ನಿಟ್ಟು, ಹಿಮ್ಮಡಿ ನೆಲ ಬಿಟ್ಟೊಡನೆ ಸೌಮ್ಯವಾದ ಪ್ರವಾಹವನ್ನು ಹಾಯಿಸಿ ಪಾದವನ್ನೆತ್ತಿಸಬಹುದು. ಪಾರ್ಶ್ವವಾಯು ಪೀಡಿತರಿಗಾಗಿ ಈ ಉಪಾಯವನ್ನು ವೈದ್ಯ ಲಿಬರ್‌ಸನ್ ಮತ್ತು ಅವರ ಸಂಗಡಿಗರು 1961ರಲ್ಲಿಯೇ ವರ್ಣಿಸಿದ್ದರು. 2009ರಲ್ಲಿ ಚಿಕಿತ್ಸೆಗಳ ಮಾರ್ಗಸೂಚಿಗಳನ್ನು ಹೊರಡಿಸುವ ಬ್ರಿಟನ್ನಿನ ನೈಸ್ ಸಂಸ್ಥೆ ಇದರಿಂದ ನಡಿಗೆ ಸುಧಾರಿಸಬಲ್ಲುದೆಂದು ಒಪ್ಪಿತು. 2021ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ನಾಲಗೆಯ ಮೇಲಿಟ್ಟು ವಿದ್ಯುತ್ ಸ್ಪಂದನ ಕೊಡುವ ಪಾನ್ಸ್ ಎಂಬ ಉಪಕರಣಕ್ಕೆ ಮಲ್ಟಿಪಲ್ ಸ್ಕ್ಲೆರೋಸಿಸ್ ರೋಗಿಗಳ ನಡಿಗೆಯ ದೋಷಕ್ಕಾಗಿ ಅನುಮತಿಯಿತ್ತಾಗಲೂ, ವೈದ್ಯರ ಚೀಟಿ ಬೇಕು, ಮೇಲ್ವಿಚಾರಣೆಯ ವ್ಯಾಯಾಮ ಜೊತೆಗಿರಬೇಕು, ಅದೂ ಅಲ್ಪಕಾಲಕ್ಕೆ ಎಂಬ ಕಟ್ಟುಗಳನ್ನು ವಿಧಿಸಿತು. ರೋಗ ನೀಗುತ್ತದೆಂದು ಇವರಾರೂ ಹೇಳಲಿಲ್ಲ. ಕಾಲಿನ ಯಂತ್ರವನ್ನು ಆರಿಸಿದರೆ ಪಾದ ಬಹುಪಾಲು ಮತ್ತೆ ಜೋಲುತ್ತದೆ.

ಹಾಗಾದರೆ ಯಂತ್ರದಿಂದ ಗುಣಹೊಂದಿದೆವೆನ್ನುವವರೆಲ್ಲರೂ ಸುಳ್ಳುಗಾರರೆ? ಅಲ್ಲ. ಈ ವ್ಯಾಧಿ ಹೆಚ್ಚಿನವರಲ್ಲಿ ಆರಂಭದ ವರ್ಷಗಳಲ್ಲಿ ಅಲೆಯಲೆಯಾಗಿ ಬರುತ್ತದೆ. ಒಂದು ಆಘಾತ ವಾರಗಟ್ಟಲೆ ಪೀಡಿಸಿ, ಬಳಿಕ ಎಷ್ಟೋ ಸಲ ತಾನಾಗಿಯೇ ಇಳಿಮುಖವಾಗುತ್ತದೆ. ಆ ಇಳಿತದ ದಿನಗಳಲ್ಲಿ ಕೈಯಲ್ಲಿದ್ದುದು ಯಂತ್ರವಾದರೆ ಕೀರ್ತಿ ಯಂತ್ರಕ್ಕೆ, ತಾಯಿತವಾದರೆ ತಾಯಿತಕ್ಕೆ. ಇದು ನಾನು ತೆತ್ತು ಕಲಿತ ಪಾಠ. ಐದು ವರ್ಷಗಳ ಹಿಂದೆ ಇಂಥದೇ ಪೆಟ್ಟಿಗೆಯೊಂದನ್ನು ಕೊಂಡು, ಮಗಳು ತಿಂಗಳೊಳಗೆ ಅಂಗಳದಲ್ಲಿ ಸರಾಗವಾಗಿ ನಡೆದಾಡಿದಾಗ, ಮಾರಿದವನು ಕ್ಯಾಮೆರಾ ಸಮೇತ ಮನೆಗೆ ಬಂದು ಅವಳ ಭಾವಚಿತ್ರವನ್ನು ತೆಗೆದುಕೊಂಡು ಹೋದನು. ರೋಗದ ಹತೋಟಿಗೆಂದು ಅವಳು ಪಡೆಯುತ್ತಿದ್ದ ಚುಚ್ಚುಮದ್ದಿನ ಹಂಗು ಇನ್ನೇಕೆಂದ ಅವನ ಮಾತಿಗೆ ನಾವು ತಲೆದೂಗಿ, ಅದನ್ನು ನಿಲ್ಲಿಸಿದೆವು. ಆ ಚಳಿಗಾಲದಲ್ಲಿ ರೋಗ ಮರುಕಳಿಸಿ ಅವಳ ಬಲಗಣ್ಣು ಮಂಜಾಯಿತು. ಅವಳು ಆಸ್ಪತ್ರೆಯಲ್ಲಿದ್ದಷ್ಟು ದಿನವೂ ಅವಳ ನಗುಮುಖ ಊರ ಬಸ್‌ನಿಲ್ದಾಣದ ಫಲಕದ ಮೇಲೆ ರಾರಾಜಿಸುತ್ತಿತ್ತು.

ಜಾಹೀರಾತುಗಳ ಸತ್ಯಾಸತ್ಯತೆಗೆ ಪತ್ರಿಕೆ ಹೊಣೆಯಲ್ಲವೆಂದು ಪುಟದಡಿಯಲ್ಲಿ ಇರುವೆಗಾತ್ರದ ಅಕ್ಷರಗಳಲ್ಲಿ ತಾವು ಅಚ್ಚುಮಾಡುತ್ತಿರುವುದನ್ನು ಭೂತಗನ್ನಡಿ ಹಿಡಿದು ಓದಿದ್ದೇನೆ. ಆದರೆ ಔಷಧಗಳು ಮತ್ತು ಮಾಂತ್ರಿಕ ಚಿಕಿತ್ಸೆಗಳ ಆಕ್ಷೇಪಾರ್ಹ ಜಾಹೀರಾತುಗಳನ್ನು ಕುರಿತ 1954ರ ಕಾಯಿದೆ, ತನ್ನ ಅನುಸೂಚಿಯಲ್ಲಿ ನರವ್ಯೂಹದ ರೋಗಗಳನ್ನು ಸ್ಪಷ್ಟವಾಗಿ ಹೆಸರಿಸಿ, ಅವನ್ನು ಗುಣಪಡಿಸುವುದಾಗಿ ಸೂಚಿಸುವ ಜಾಹೀರಾತಿನ ಪ್ರಕಟಣೆಯಲ್ಲಿ ಯಾರೊಬ್ಬರೂ ಪಾಲುಗೊಳ್ಳಕೂಡದೆಂದು ವಿಧಿಸುತ್ತದೆ. ದೇಹದ ಕ್ರಿಯೆಯ ಮೇಲೆ ಪ್ರಭಾವ ಬೀರಲೆಂದು ಮಾಡಿದ, ಆಹಾರವಲ್ಲದ ಯಾವುದೇ ವಸ್ತುವೂ ಅದರ ವ್ಯಾಖ್ಯೆಯಲ್ಲಿ ಔಷಧವೇ. ಮಾರುವವನೊಬ್ಬನೇ ಅಲ್ಲ, ಅಚ್ಚುಮಾಡುವವರೂ ಆ ‘ಯಾರೊಬ್ಬರೂ’ ಎಂಬ ಮಾತಿನೊಳಗೆ ಬರುತ್ತಾರೆಂದು ನನ್ನ ತಿಳಿವಳಿಕೆ.

ನನ್ನ ಮಗಳು ಈಗ ಚುಚ್ಚುಮದ್ದನ್ನೂ ಪಡೆಯುತ್ತಾಳೆ, ಫಿಸಿಯೋಥೆರಪಿಯವರು ಕಲಿಸಿದಂತೆ ಕಾಲಿನ ಯಂತ್ರವನ್ನೂ ಕಟ್ಟಿಕೊಳ್ಳುತ್ತಾಳೆ. ತಮ್ಮ ಪತ್ರಿಕೆಯನ್ನು ಮೂವತ್ತೆಂಟು ವರ್ಷಗಳಿಂದ ಬಿಡದೆ ತರಿಸುತ್ತಿರುವ ಹಳೆಯ ಓದುಗನೆಂಬ ಸಲಿಗೆಯಿಂದ ಕೇಳುತ್ತೇನೆ: ಬರುವ ಭಾನುವಾರದ ಪುರವಣಿಯಲ್ಲಿ ಆ ಜಾಹೀರಾತು ಇರದಿರಲಿ.

ಇಂತೀ ತಮ್ಮ ವಿಶ್ವಾಸಿ,
ನಿವೃತ್ತ ಉಪಾಧ್ಯಾಯನೊಬ್ಬ, ಹಾಸನ