ಪರದೆಯ ಮುಂದೆ ವಾದ್ಯಮೇಳ

ಚಲಚ್ಚಿತ್ರವು ಪರದೆಯ ಮೇಲೆ ಓಡುತ್ತಿರುವಾಗಲೇ ಅದರ ಸಂಗೀತವನ್ನು ದೊಡ್ಡ ವಾದ್ಯಮೇಳವೊಂದು ಸಭಿಕರ ಎದುರಿನಲ್ಲಿ ನುಡಿಸುವ ಪದ್ಧತಿಯು ಪಾಶ್ಚಾತ್ಯ ನಗರಗಳಲ್ಲಿ ಇಂದು ಬಹು ಪ್ರಚಾರದಲ್ಲಿದೆ. ಮಾತನ್ನು ಉಳಿಸಿಕೊಂಡು ಸಂಗೀತವನ್ನು ಮಾತ್ರ ತೆಗೆದ ಪ್ರತಿಯನ್ನು ಅದಕ್ಕಾಗಿ ಉಪಯೋಗಿಸುತ್ತಾರೆ. ಇದು ನಮಗೆ ತೀರ ಹೊಸದಲ್ಲ. 1934ರಲ್ಲಿ ‘ಸತಿ ಸುಲೋಚನಾ’ ಕನ್ನಡವನ್ನಾಡುವುದಕ್ಕೆ ಮುಂಚೆ, ಮೂಕಚಿತ್ರಗಳ ಪರದೆಯ ಬಳಿ ಹಾರ್ಮೋನಿಯಂ ತಬಲಗಳವರು ಕುಳಿತು ನುಡಿಸುತ್ತಿದ್ದರು. ವಾಕ್ಚಿತ್ರವು ಬಂದಿತು, ಅವರ ಅನ್ನವು ಹೋಯಿತು.

ಇಂತಹ ಪ್ರದರ್ಶನವು ಚಾಮರಾಜನಗರ, ಗುಂಡ್ಲುಪೇಟೆಗಳ ಮಹಾಜನರಿಗೆ ಏಕೆ ದೊರೆಯಬಾರದು? ಗಡಿಯಾಚೆಯ ನೆರೆಯೂರಾದ ಗಾಜನೂರಿನ ರಾಜಕುಮಾರರು ನಟಿಸಿದ, ಜಿ.ಕೆ. ವೆಂಕಟೇಶರು ಸಂಗೀತವನ್ನೊದಗಿಸಿದ ‘ಬಂಗಾರದ ಮನುಷ್ಯ’ (1972) ಈ ಸೀಮೆಯವರಿಗೆ ಮನೆಯ ಮಾತಾಗಿದೆ. ವಾದ್ಯಗಾರರಿಗೂ ಅಭಾವವಿಲ್ಲ. ಅರಮನೆಯ ವಾದ್ಯಪರಂಪರೆಯನ್ನು ಮುಂದುವರಿಸಿ ದಸರೆಯಲ್ಲಿ ನುಡಿಸುವ ಪೊಲೀಸ್ ಬ್ಯಾಂಡಿನವರು ಮೈಸೂರಿನಲ್ಲಿಯೇ ಇದ್ದಾರೆ.

ಅಡ್ಡಿಯಿರುವುದು ಬೇರೆಡೆ. ಆ ಕಾಲದ ಚಿತ್ರಗಳಲ್ಲಿ ಮಾತೂ ಸಂಗೀತವೂ ಒಂದೇ ಧ್ವನಿಪಥದಲ್ಲಿ ಬೆರೆತಿರುವುದರಿಂದ ಅವುಗಳನ್ನು ಬೇರ್ಪಡಿಸುವುದು ಶ್ರಮಸಾಧ್ಯ. ಸ್ವರಲಿಪಿಯಿಲ್ಲದೆ ಮೇಳವು ಕೂಡುವುದೂ ಅಸಾಧ್ಯ. ಅಂದು ನುಡಿಸಿದವರಲ್ಲಿ ಉಳಿದವರು ವೃದ್ಧರಾಗಿದ್ದಾರೆ. ಅವರ ನೆನಪಿನಲ್ಲಿರುವುದನ್ನು ಬರೆದಿಡಿಸುವ ಕಾರ್ಯವನ್ನು ಚಲನಚಿತ್ರ ಅಕಾಡೆಮಿಯವರು ಕೂಡಲೇ ಕೈಗೊಳ್ಳತಕ್ಕದ್ದು. ಅದರ ಫಲವಾದ ಮೊದಲ ಪ್ರದರ್ಶನವು ಬೆಂಗಳೂರಿನಲ್ಲಲ್ಲ, ಚಾಮರಾಜನಗರದಲ್ಲಿಯೂ ಬಳಿಕ ಗುಂಡ್ಲುಪೇಟೆಯಲ್ಲಿಯೂ ಆಗಲಿ. ‘ಸತಿ ಸುಲೋಚನಾ’ದ ಒಂದು ಪ್ರತಿಯೂ ನಮಗೆ ಉಳಿದಿಲ್ಲ. ಮೊದಲನೆಯ ಚಿತ್ರವನ್ನೇ ಕಳೆದುಕೊಂಡ ನಾಡು ಮಿಕ್ಕವುಗಳ ಸಂಗೀತವನ್ನೂ ಕಳೆದುಕೊಳ್ಳುವುದು ಸರಿಯೇ ಎಂಬುದನ್ನು ಸರ್ಕಾರದವರು ಆಲೋಚಿಸಬೇಕೆಂದು ಪ್ರಾರ್ಥಿಸುತ್ತೇವೆ.